ಕಿವಿಗೆ ಹಾಕೋ ಫೋಮ್ ಯಾವ್ದು ಒಳ್ಳೇದು?

ಪ್ರಶ್ನೆ: ಮೇಡಂ, ನಮ್ದು ದೊಡ್ಡಬಳ್ಳಾಪುರ, ಮನೇಲೇ ನಾಲ್ಕು ಪವರ್‌ಲೂಮ್ ಇವೆ. ಅಪ್ಪಂಗೆ ಈಗ್ಲೇ ಕಿವಿ ಮಂದ. ನಾನು ಹತ್ತಿ ಇಟ್ಕೊಳ್ತಿದ್ದೆ, ಈಗ ಫೋಮ್ ಇಯರ್‌ಪ್ಲಗ್ ತಂದಿದೀನಿ, ಅರ್ಧ ಗಂಟೇಲಿ ನೋವು ಬರುತ್ತೆ, ಇಲ್ಲಾಂದ್ರೆ ತಾನಾಗೇ ಆಚೆ ಬರುತ್ತೆ. ಯಾವ್ದು ತಗೊಳ್ಲಿ?
– ಓದುಗರೊಬ್ಬರು

ಉತ್ತರ: ಹತ್ತಿ ಬಿಟ್ಟಿದ್ದು ಒಳ್ಳೇದಾಯ್ತಮ್ಮ, ಅದು ಸದ್ದು ತಡೆಯೋದು ಅಷ್ಟಕ್ಕಷ್ಟೇ. ನೋವು ಬರುತ್ತೆ ಅಂದ್ರೆ ನಿಮ್ಮ ಕಿವಿ ತೂತು ಚಿಕ್ಕದಿರ್ಬೇಕು, ಸ್ಮಾಲ್ ಸೈಜ್ ಕೇಳಿ, ಪಿವಿಸಿದು ಸ್ವಲ್ಪ ಗಟ್ಟಿ, ಪಾಲಿಯುರೆಥೇನ್ ಫೋಮ್ ಮೆತ್ತಗಿರುತ್ತೆ, ಬೆರಳಲ್ಲಿ ಒತ್ತಿ ಬಿಟ್ರೆ ನಿಧಾನಕ್ಕೆ ಉಬ್ಬೋದನ್ನ ನೋಡಿ ತಗೊಳ್ಳಿ.

ಆಚೆ ಬರೋದು ಮಾತ್ರ ಹೆಚ್ಚಾಗಿ ಹಾಕೋ ರೀತಿಯಿಂದ. ಮೊದ್ಲು ಕೈಗಿರೋ ಆಯಿಲ್ ತೊಳ್ಕೊಂಡು, ದೀಪದ ಬತ್ತಿ ಹೊಸೆದ ಹಾಗೆ ಪ್ಲಗ್ಗನ್ನ ಮಡಿಕೆ ಬೀಳದ ಹಾಗೆ ಸಣ್ಣಗೆ ಹೊಸೀರಿ, ಇನ್ನೊಂದು ಕೈನ ತಲೆ ಮೇಲಿಂದ ತಂದು ಕಿವೀನ ಮೇಲಕ್ಕೂ ಹಿಂದಕ್ಕೂ ಎಳೆದು ಹಿಡ್ಕೊಳ್ಳಿ, ಆಗ ದಾರಿ ನೆಟ್ಟಗಾಗುತ್ತೆ, ಒಳಗೆ ಬಿಟ್ಟು 30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡೀರಿ. ತುಂಬಾ ಜನ ಈ 30 ಸೆಕೆಂಡ್ ಕಾಯಲ್ಲ, ಅಲ್ಲೇ ಎಲ್ಲಾ ಕೆಡೋದು. ಆಮೇಲೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ, ಸದ್ದು ಇನ್ನೂ ತುಂಬಾ ಕಮ್ಮಿ ಆದ್ರೆ ಸರಿಯಾಗಿ ಕೂತಿಲ್ಲ ಅಂತ. ತೆಗೆಯೋವಾಗ ತಿರುಗಿಸ್ತಾ ಮೆಲ್ಲಗೆ ಎಳೀರಿ.

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ 33 (ಪ್ಲಗ್ ಎಷ್ಟು ಸದ್ದು ತಡೆಯುತ್ತೆ ಅನ್ನೋ ಅಂಕಿ) ಅಂತಿದ್ರೆ 33 ಡೆಸಿಬೆಲ್ ಪೂರ್ತಿ ಕಮ್ಮಿ ಆಗುತ್ತೆ ಅಂದ್ಕೋಬೇಡಿ, 7 ಕಳೆದು ಅರ್ಧ ಮಾಡಿ, 13 ಬರುತ್ತೆ, ಅಷ್ಟು ನಂಬ್ಬಹುದು. ಮಗ್ಗದ ಸದ್ದು 95 ಇದ್ರೆ ಕಿವಿಗೆ 82, ದಿನಕ್ಕೆ 8 ಗಂಟೆಗೆ 85 ದಾಟಬಾರ್ದು ಅನ್ನೋದಕ್ಕೆ ಇದು ಸಾಕು. ನೂಲು ಕಿತ್ರೆ ಗೊತ್ತಾಗಲ್ವೇನೋ ಅನ್ನೋ ಭಯ ಇರುತ್ತೆ, ಆದ್ರೆ ಮಗ್ಗದ ಸದ್ದು ಪೂರ್ತಿ ನಿಲ್ಲಲ್ಲ, ಒಂದು ವಾರದಲ್ಲಿ ಕಿವಿಗೆ ಹೊಂದ್ಕೊಳ್ಳುತ್ತೆ.

ಕಿವಿ ಸೋರ್ತಿದ್ರೆ ಹಾಕ್ಲೇಬೇಡಿ. ಫೋಮ್ ಕೊಳೆ ಆದ್ರೆ, ಉಬ್ಬೋದು ನಿಂತ್ರೆ ಎಸೀರಿ.

ಅಪ್ಪನ್ನ ದಯವಿಟ್ಟು ಇಎನ್‌ಟಿ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ ಆಡಿಯೋಮೆಟ್ರಿ, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ, ಮಾಡ್ಸಿ. ಹಿಂದಿನ ಸಂಜೇನೇ ಮಗ್ಗ ನಿಲ್ಸಿ ಬೆಳಿಗ್ಗೆ ಹೊರಡಿ, ಸದ್ದಿಂದ ಎದ್ದು ಸೀದಾ ಹೋದ್ರೆ ಕಿವಿ ಇನ್ನೂ ಮಂದ ಇದ್ದು ರಿಪೋರ್ಟ್ ಸರಿ ಬರಲ್ಲ.