ಭಾಷಾಶಾಸ್ತ್ರ ಒಲಿಂಪಿಯಾಡ್ ಬರೆಯೋಕೆ ನಾಲ್ಕಾರು ಭಾಷೆ ಬರಬೇಕಾ?

ಬೇಡ. ಭಾಷೆಯ ಒಗಟು ಬಿಡಿಸುವ ಈ ಶಾಲಾ ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಕೊಡುವುದೇ ಸಾಮಾನ್ಯವಾಗಿ ಹೆಸರೂ ಕೇಳಿರದ ಭಾಷೆಗಳು. ಬೇಕಾದ ಸುಳಿವೆಲ್ಲ ಪ್ರಶ್ನೆಯೊಳಗೇ ಇರುತ್ತದೆ.

ಪೂರ್ವ ಆಫ್ರಿಕಾದ ಭಾಷೆ ಸ್ವಾಹಿಲಿಯ ಒಂದು ಪುಟ್ಟ ಮಾದರಿ ನೋಡಿ. 'ನಿನಸೋಮ' ಅಂದರೆ ನಾನು ಓದುತ್ತಿದ್ದೇನೆ, 'ಉನಸೋಮ' ನೀನು ಓದುತ್ತಿದ್ದೀಯ, 'ನಿಲಿಸೋಮ' ನಾನು ಓದಿದೆ. ಹಾಗಾದರೆ 'ನೀನು ಓದಿದೆ'? ಮೊದಲೆರಡನ್ನು ಹೋಲಿಸಿದರೆ 'ನಿ' ನಾನು, 'ಉ' ನೀನು. ಒಂದನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ನಡುವಿನ 'ನ', 'ಲಿ' ಮಾತ್ರ. ಅದು ಕಾಲ. ಉತ್ತರ 'ಉಲಿಸೋಮ'.

ನಿಜವಾದ ಸ್ಪರ್ಧೆ ಇಷ್ಟು ಸುಲಭ ಅಲ್ಲ ಬಿಡಿ. ಅಂತರರಾಷ್ಟ್ರೀಯ ಒಲಿಂಪಿಯಾಡ್‌ನ ವೈಯಕ್ತಿಕ ಸುತ್ತಿನಲ್ಲಿ 6 ಗಂಟೆಗೆ 5 ಸಮಸ್ಯೆ. ಸುಮ್ನೆ ಉತ್ತರ ಬರೆದರೆ ಸಾಲದು, ಕಂಡುಹಿಡಿದ ನಿಯಮವನ್ನೂ ವಿವರಿಸಬೇಕು. 2003ರಲ್ಲಿ ಬಲ್ಗೇರಿಯಾದಲ್ಲಿ ಶುರುವಾದ ಇದು 2016ರಲ್ಲಿ ನಮ್ಮ ಮೈಸೂರಿನಲ್ಲೇ ನಡೆದಿತ್ತು. ಭಾರತದ ತಂಡಕ್ಕೆ ಸೇರಲು ಪಾಣಿನಿ ಲಿಂಗ್ವಿಸ್ಟಿಕ್ಸ್ ಒಲಿಂಪಿಯಾಡ್ ಬರೆಯಬೇಕು. ಹಳೆಯ ಪ್ರಶ್ನೆಪತ್ರಿಕೆಗಳು ಫ್ರೀಯಾಗಿ ಸಿಗುತ್ತವೆ, ಅಲ್ಲಿಂದಲೇ ಶುರುಮಾಡಿ.