ಮನೆಯಲ್ಲಿ ಮಾಡಿದ ಐಸ್ ಟೀ ಕದಡುವುದೇಕೆ, ಒಗರಾಗುವುದೇಕೆ?

ಚಿಂತಾಮಣಿಯಿಂದ ಕೇಳಿದ್ದೀರಿ: ಮನೆಯ ಮಾಮೂಲಿ ಟೀ ಪುಡಿ ಕುದಿಸಿ, ಸೋಸಿ ಫ್ರಿಜ್‌ನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಕೆರೆ ನೀರಿನ ಹಾಗೆ ಕದಡಿರುತ್ತದೆ, ಕುಡಿದರೆ ನಾಲಿಗೆ ಒಗರು ಒಗರು, ಪುಡಿ ಕೆಟ್ಟಿದೆಯಾ ಅಂತ.

ಪುಡಿ ಕೆಟ್ಟಿಲ್ಲ. ನಾನು ಕೋಲಾರದವಳು, ನಮ್ಮದೂ ಬೋರ್‌ವೆಲ್ ನೀರೇ. ಮೊದಲು ನೀರಿನ ಕಡೆ ನೋಡಿ. ಗಡಸು ನೀರಿನಲ್ಲಿ ಟೀ ಕಪ್ಪಗಾಗುತ್ತದೆ, ಮೇಲೆ ತೆಳ್ಳಗೆ ಒಂದು ಕೆನೆ ಕಟ್ಟುತ್ತದೆ. ಅದು ನೀರಿನಲ್ಲಿರುವ ಕ್ಯಾಲ್ಸಿಯಂ ಟೀಯ ಸಾರದ ಜೊತೆ ಸೇರಿ ಆಗುವುದು. ಹಾಲು ಹಾಕಿದಾಗ ಕಾಣುವುದಿಲ್ಲ, ಗಾಜಿನ ಲೋಟದಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಕ್ಯಾನ್ ನೀರು ಬಳಸಿ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಂಡು ಬರುತ್ತೀವಲ್ಲ, ಅದೇ ಸಾಕು. ಐಸ್ ಟ್ರೇಗೂ ಅದನ್ನೇ ಹಾಕಿ. ಎಷ್ಟೋ ಜನ ಟೀಗೆ ಒಳ್ಳೆ ನೀರು ಹಾಕಿ, ಐಸಿಗೆ ಮಾತ್ರ ನಲ್ಲಿ ನೀರು ತುಂಬಿಸುತ್ತಾರೆ. ಐಸ್ ಕರಗಿದ ಮೇಲೆ ಎಲ್ಲ ಅಲ್ಲಿಗೇ ಬಂತಲ್ವಾ? ಇನ್ನೊಂದು ಮಾತು, ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಕೂಡ ಜಾಸ್ತಿ. ಕುದಿಸಿದರೆ ಅದು ಹೋಗುವುದಿಲ್ಲ.

ಎರಡನೆಯದು ಪುಡಿ. ನಾವು ದಿನಾ ಬಳಸುವ ಡಸ್ಟ್ ಟೀ ಹಾಲಿಗೆಂದೇ ಇರುವಂಥದ್ದು. ಕಾಳು ಸಣ್ಣದು, ಬಿಸಿ ನೀರಿಗೆ ಬಿದ್ದ ಎರಡೇ ನಿಮಿಷದಲ್ಲಿ ಬಣ್ಣ, ಒಗರು ಎಲ್ಲ ಬಿಟ್ಟುಬಿಡುತ್ತದೆ. ಹಾಲಿನಲ್ಲಿರುವ ಪ್ರೋಟೀನು ಆ ಒಗರನ್ನು ಹಿಡಿದುಕೊಳ್ಳುವುದರಿಂದ ನಮಗೆ ಗೊತ್ತಾಗುವುದಿಲ್ಲ. ಹಾಲಿಲ್ಲದೆ ಕುಡಿದಾಗ ನೇರ ನಾಲಿಗೆಗೆ ಹತ್ತುತ್ತದೆ. ಅದನ್ನು ಮತ್ತೆ ಒಲೆ ಮೇಲೆ ಕೊತಕೊತ ಕುದಿಸಿದರೆ ಮುಗೀತು.

ಇನ್ನು ಕದಡುವುದು. ಟೀಯಲ್ಲಿರುವ ಟ್ಯಾನಿನ್ನು (ಒಗರು ಕೊಡುವುದು ಅದೇ), ಕೆಫೀನು ಬಿಸಿಯಲ್ಲಿ ಕರಗಿರುತ್ತವೆ. ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಕಣಗಳಾಗಿ ಬೇರೆಯಾಗುತ್ತವೆ. ಸ್ಟ್ರಾಂಗ್ ಆದಷ್ಟೂ ಜಾಸ್ತಿ. ಅನುಮಾನವಿದ್ದರೆ ಕದಡಿದ ಟೀಗೆ ಸ್ವಲ್ಪ ಬಿಸಿ ನೀರು ಹಾಕಿ ನೋಡಿ, ತಿಳಿಯಾಗುತ್ತದೆ. ಕುಡಿದರೆ ಏನೂ ಆಗುವುದಿಲ್ಲ, ನೋಡಲು ಚೆನ್ನಾಗಿರಲ್ಲ ಅಷ್ಟೆ. ನೀಲಗಿರಿಯ ಎಲೆ ಟೀ ತಣ್ಣಗಾದರೂ ಅಷ್ಟಾಗಿ ಕದಡುವುದಿಲ್ಲ, ಐಸ್ ಟೀಗೆ ಅದಕ್ಕೇ ಹೆಸರು. ಸಿಕ್ಕರೆ ಒಂದು ಸಣ್ಣ ಪ್ಯಾಕೆಟ್ ತಂದಿಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಒಲೆಯೇ ಹಚ್ಚಬೇಡಿ. ಒಂದು ಲೀಟರ್ ತಣ್ಣೀರಿಗೆ ನಾಲ್ಕು ಟೀ ಚಮಚ ಎಲೆ ಟೀ ಹಾಕಿ, ಮುಚ್ಚಿ, ರಾತ್ರಿ ಫ್ರಿಜ್‌ನಲ್ಲಿಡಿ. ಆರರಿಂದ ಎಂಟು ಗಂಟೆ ಬಿಟ್ಟು ಬೆಳಗ್ಗೆ ಸೋಸಿ. ತಣ್ಣೀರಿನಲ್ಲಿ ಒಗರು ಕಡಿಮೆ ಬಿಡುತ್ತದೆ, ಘಮ ಉಳಿಯುತ್ತದೆ, ಕದಡುವ ಮಾತೇ ಬರುವುದಿಲ್ಲ. ಡಸ್ಟ್ ಟೀಯೇ ಇರುವುದು ಅಂದರೆ ಎರಡು ಚಮಚ ಸಾಕು, ಆದರೆ ಜರಡಿಯಲ್ಲಿ ನಿಲ್ಲುವುದಿಲ್ಲ, ತೆಳು ಬಟ್ಟೆಯಲ್ಲಿ ಸೋಸಿ. ಬಾಟಲಿಯನ್ನು ಮಹಡಿ ಮೇಲೆ ಬಿಸಿಲಿಗಿಟ್ಟು ಮಾಡುವ ವಿಡಿಯೋಗಳನ್ನು ಮಾತ್ರ ನಂಬಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೂ ನೀರು ಕ್ರಿಮಿ ಸಾಯುವಷ್ಟು ಕಾಯುವುದಿಲ್ಲ, ಬರೀ ಬೆಚ್ಚಗಾಗುತ್ತದೆ. ಆ ಬೆಚ್ಚಗಿನಲ್ಲೇ ಕ್ರಿಮಿಗಳು ಬೆಳೆಯುವುದು.

ನೆಂಟರು ಬಾಗಿಲಲ್ಲಿ ನಿಂತಿದ್ದರೆ ಬಿಸಿ ದಾರಿಯೇ ಸರಿ. ಅರ್ಧ ಲೀಟರ್ ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ನಾಲ್ಕು ಚಮಚ ಎಲೆ ಟೀ ಹಾಕಿ ಮುಚ್ಚಿ. ನಾಲ್ಕು ನಿಮಿಷಕ್ಕೆ ಸೋಸಿ (ಡಸ್ಟ್ ಆದರೆ ಎರಡು ಚಮಚ, ಎರಡೇ ನಿಮಿಷ). ಪುಡಿಯನ್ನು ಹಿಂಡಬೇಡಿ. ಸಕ್ಕರೆ ಬಿಸಿ ಇರುವಾಗಲೇ ಹಾಕಿ, ತಣ್ಣಗಾದ ಮೇಲೆ ತಳದಲ್ಲೇ ಕೂರುತ್ತದೆ. ಅಷ್ಟೇ ತಣ್ಣೀರು ಬೆರೆಸಿ, ಲೋಟದ ತುಂಬ ಐಸ್ ಹಾಕಿ ಸುರಿಯಿರಿ.

ನಿಂಬೆರಸ ಕೊನೆಗೆ, ಲೋಟಕ್ಕೇ ಹಿಂಡಿ. ಹುಳಿ ಬಿದ್ದ ತಕ್ಷಣ ಕಂದು ಬಣ್ಣ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಮಕ್ಕಳಿಗೆ ಅದೇ ಆಟ. ಬೇಸಿಗೆಗೆಂದು ತಂದ ನನ್ನಾರಿ (ಸೊಗದೆ ಬೇರಿನ) ಸಿರಪ್ ಮನೆಯಲ್ಲಿದ್ದರೆ ಸಕ್ಕರೆ ಬದಲು ಅದನ್ನೇ ಹಾಕಿ ನೋಡಿ. ಅಂಗಡಿಯ ಪೀಚ್ ಐಸ್ ಟೀ ಪುಡಿ ಇದರ ಮುಂದೆ ಏನೂ ಅಲ್ಲ. ಶ್ರೀನಿವಾಸಪುರದ ಮಾವು ಬರುವ ಕಾಲದಲ್ಲಿ ಹಣ್ಣಿನ ರಸವನ್ನೂ ಸೇರಿಸುತ್ತೇನೆ. ಆಗ ಕದಡಿಯೇ ಇರುತ್ತದೆ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ ಬಿಡಿ. ಪುದೀನ ನನಗೆ ಸೇರುವುದಿಲ್ಲ, ನಿಮ್ಮಿಷ್ಟ.

ಫ್ರಿಜ್‌ನಲ್ಲಿ ಎರಡು ದಿನಕ್ಕಿಂತ ಜಾಸ್ತಿ ಇಡಬೇಡಿ. ಉಳಿದ ಟೀಯನ್ನು ಐಸ್ ಟ್ರೇಗೆ ಸುರಿದು ಗಟ್ಟಿ ಮಾಡಿಟ್ಟುಕೊಳ್ಳಿ, ಮುಂದಿನ ಸಲ ಲೋಟಕ್ಕೆ ಅದನ್ನೇ ಹಾಕಿದರೆ ಕರಗಿದರೂ ಟೀ ನೀರಾಗುವುದಿಲ್ಲ.