ಪರಿಹಾರ ಕೆಲಸಕ್ಕೆ ಸೇರುವಾಗ ಲೈಂಗಿಕ ಶೋಷಣೆ ತಡೆಯ ನಿಯಮಕ್ಕೆ ಸಹಿ ಮಾಡಿಸುವುದು ಯಾಕೆ? ಇಬ್ಬರೂ ಒಪ್ಪಿದ್ದರೆ ಸಂಸ್ಥೆಗೇನು?

ನೆರೆ ಪರಿಹಾರ ಮಾಡುವ ಸಂಸ್ಥೆಯೊಂದಕ್ಕೆ ಸೇರುತ್ತಿದ್ದೀರಿ, ಸಹಿಗೆ ಕೊಟ್ಟ ನಡತೆ ನಿಯಮದಲ್ಲಿ ಎರಡು ಷರತ್ತು ನಿಮಗೆ ಸರಿ ಕಂಡಿಲ್ಲ ಅಂತ ಬರೆದಿದ್ದೀರಿ. ಒಂದು, ಇಬ್ಬರೂ ವಯಸ್ಕರು, ಇಬ್ಬರಿಗೂ ಇಷ್ಟ ಇದೆ ಅಂದರೂ ಫಲಾನುಭವಿಗಳ ಜೊತೆ ಸಂಬಂಧ ಬೇಡ ಅನ್ನುವುದು. ಎರಡು, ಸಹೋದ್ಯೋಗಿ ಮೇಲೆ ಬರೀ ಅನುಮಾನ ಬಂದರೂ ತಿಳಿಸಲೇಬೇಕು ಅನ್ನುವುದು. ಪುರಾವೆ ಇಲ್ಲದೆ ಒಬ್ಬರ ಹೆಸರು ಕೆಡಿಸುವುದು ಅನ್ಯಾಯ ಅಲ್ವಾ ಅಂತ ಕೇಳಿದ್ದೀರಿ.

ನಾನು ಇದೇ ಕೆಲಸದಲ್ಲಿರುವವಳು. 2019ರ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ಕಾಳಜಿ ಕೇಂದ್ರಗಳಲ್ಲಿದ್ದೆ. ಈಗ ಹೊಸಬರಿಗೆ ಈ ವಿಷಯದ ತರಬೇತಿ ಕೊಡುತ್ತೇನೆ. ಸಹಿ ಹಾಕಿ ಅಂತಲೇ ನನ್ನ ಉತ್ತರ. ಆದರೆ ಆ ಸಾಲುಗಳು ಎಲ್ಲಿಂದ ಬಂದವು ಅಂತ ತಿಳಿದು ಹಾಕಿ.

ಮೊದಲು ಒಪ್ಪಿಗೆಯ ಮಾತು. ಮನೆ ಬಿದ್ದ ಒಬ್ಬ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಶಾಲೆಯ ಕೋಣೆಯಲ್ಲಿ ಮಲಗುತ್ತಿದ್ದಾಳೆ ಅಂತಿಟ್ಟುಕೊಳ್ಳಿ. ಯಾರಿಗೆ ಕಿಟ್ ಕೊಡಬೇಕು ಅನ್ನುವ ಪಟ್ಟಿ ನಿಮ್ಮ ಕೈಯಲ್ಲಿದೆ. ನೀವು ಒಳ್ಳೆಯವರೇ. "ನಿನ್ನ ಹೆಸರು ತೆಗೆದುಬಿಡ್ತೀನಿ" ಅಂತ ಯಾವತ್ತೂ ಅನ್ನುವವರಲ್ಲ. ಆದರೂ ಬೇಡ ಅಂದರೆ ಏನಾದೀತೋ ಅನ್ನುವ ಲೆಕ್ಕ ಅವಳ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಅವಳು ಹೂಂ ಅಂದದ್ದು ಮನಸ್ಸಿನಿಂದಲೋ, ಮಕ್ಕಳ ಹೊಟ್ಟೆ ನೋಡಿಯೋ ಅಂತ ನಿಮಗೆ ತಿಳಿಯುವುದಿಲ್ಲ. 2019ರಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದು ನಿಮಗೆ ನೆನಪಿರಬಹುದು. ಪೂರ್ತಿ ಬಿದ್ದ ಮನೆ ಅಂತ ಬರೆದರೆ 5 ಲಕ್ಷ ರೂಪಾಯಿ. ಸಿ ಅಂತ ಬರೆದರೆ ಅದರ ಸಣ್ಣದೊಂದು ಪಾಲು. ಆ ಅಕ್ಷರ ಬರೆಯುವ ಪೆನ್ನು ಹಿಡಿದವನು ಬಂದಾಗ ಊರವರು ಹೇಗೆ ಎದ್ದು ನಿಲ್ಲುತ್ತಿದ್ದರು ಅಂತ ನಾನು ನೋಡಿದ್ದೇನೆ. ಅವನು ಏನನ್ನೂ ಕೇಳಬೇಕಾಗಿಯೇ ಇರಲಿಲ್ಲ.

ಈ ನಿಯಮಗಳ ಹಿಂದೆ ಪಶ್ಚಿಮ ಆಫ್ರಿಕಾದ ಕಥೆ ಇದೆ. ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ಯುದ್ಧಗಳಿಂದ ಓಡಿಬಂದ ಜನ ಗಿನಿ ಮತ್ತು ಆ ಎರಡು ದೇಶಗಳ ಶಿಬಿರಗಳಲ್ಲಿದ್ದರು. ಅಲ್ಲಿನ ಮಕ್ಕಳ ಸ್ಥಿತಿ ತಿಳಿಯಲು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಮತ್ತು ಮಕ್ಕಳಿಗಾಗಿ ಕೆಲಸ ಮಾಡುವ ಸೇವ್ ದ ಚಿಲ್ಡ್ರನ್ ಸೇರಿ ಮಾಡಿದ ಅಧ್ಯಯನ 2002ರ ಆರಂಭದಲ್ಲಿ ಹೊರಬಂತು. ಎಣ್ಣೆ, ಗೋಧಿ ನುಚ್ಚು, ತಾಡಪಾಲು, ಔಷಧಿ, ರೇಷನ್ ಕಾರ್ಡು ಹೀಗೆ ಪುಕ್ಕಟೆ ಸಿಗಬೇಕಾದ್ದಕ್ಕೆ ಬದಲಾಗಿ ನೆರವು ಕೊಡಲು ಬಂದವರೇ ಹುಡುಗಿಯರಿಂದ ಲೈಂಗಿಕ ಸಂಬಂಧ ಕೇಳುತ್ತಿದ್ದರು. ಆ ಹುಡುಗಿಯರಲ್ಲಿ ಹೆಚ್ಚಿನವರು 13ರಿಂದ 18 ವಯಸ್ಸಿನವರು. 40 ಸಂಸ್ಥೆಗಳ 67 ಜನರ ಮೇಲೆ ಆರೋಪ ಬಂದಿತ್ತು. ಅದೇ ವರ್ಷ ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ದೊಡ್ಡ ಪರಿಹಾರ ಸಂಸ್ಥೆಗಳೂ ಇರುವ ಐಎಎಸ್‌ಸಿ ಎಂಬ ಸಮಿತಿ ಆರು ಮೂಲ ತತ್ವಗಳನ್ನು ಬರೆಯಿತು. 2003ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ತಮ್ಮ ಸಿಬ್ಬಂದಿಗೆ ಇದನ್ನೇ ಆದೇಶ ಮಾಡಿದರು. ನಿಮ್ಮ ಕೈಯಲ್ಲಿರುವ ಕಾಗದ ಆ ಸಾಲಿನ ಕೊನೆಯದು ಅಂದುಕೊಳ್ಳಿ.

ಆ ಆರು ತತ್ವಗಳಲ್ಲಿ 18 ತುಂಬದವರ ವಿಷಯದಲ್ಲಿ ಚರ್ಚೆಯೇ ಇಲ್ಲ. ಆ ದೇಶದ ಕಾನೂನು ಏನೇ ಇರಲಿ, "ವಯಸ್ಸು ಜಾಸ್ತಿ ಅಂದುಕೊಂಡಿದ್ದೆ" ಅನ್ನುವ ನೆಪ ನಡೆಯುವುದಿಲ್ಲ. ದುಡ್ಡು, ಕೆಲಸ, ಸಾಮಾನು, ಸೇವೆ ಯಾವುದನ್ನು ಕೊಟ್ಟೂ ಲೈಂಗಿಕ ಸಂಬಂಧ ಪಡೆಯುವಂತಿಲ್ಲ. ವಯಸ್ಕರ ನಡುವಿನ ಸಂಬಂಧವನ್ನು ಮೊದಲು ಬಲವಾಗಿ ಬೇಡ ಅಂದಿದ್ದರು ಅಷ್ಟೇ. 2019ರಲ್ಲಿ ಅದನ್ನು ತಿದ್ದಿ, ಸ್ಥಾನದ ದುರ್ಬಳಕೆ ಇರುವ ಯಾವ ಸಂಬಂಧವೂ ನಿಷಿದ್ಧ ಅಂತ ಮಾಡಿದರು. ಕೆಲವು ಸಂಸ್ಥೆಗಳು ಇನ್ನೂ ಬಿಗಿ ಮಾಡಿಕೊಂಡು ಫಲಾನುಭವಿಗಳ ಜೊತೆ ಸಂಬಂಧವೇ ಬೇಡ ಅನ್ನುತ್ತವೆ. ನಿಮ್ಮದೂ ಹಾಗೇ ಇದ್ದ ಹಾಗಿದೆ. ನನಗೆ ಅದು ಸರಿ ಅನಿಸುತ್ತದೆ. ನಿಜವಾದ ಪ್ರೀತಿಯೇ ಆಗಿದ್ದರೆ ಮೇಲಿನವರಿಗೆ ಬರೆದು ತಿಳಿಸಿ, ಆ ಊರಿನ ಕೆಲಸ ಬಿಟ್ಟು ಬೇರೆ ಕಡೆ ಹಾಕಿಸಿಕೊಳ್ಳಿ. ಪಟ್ಟಿ ನಿಮ್ಮ ಕೈಬಿಟ್ಟ ಮೇಲೂ ಆ ಪ್ರೀತಿ ಉಳಿಯಬಹುದು.

ಕಾಂಗೋ ದೇಶದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2018ರಿಂದ 2020ರವರೆಗೆ ಅಲ್ಲಿನ ಪೂರ್ವ ಭಾಗದ ಬೇನಿ, ಬುಟೆಂಬೊ ಊರುಗಳಲ್ಲಿ ಎಬೋಲಾ ಹರಡಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ರೋಗ ತಡೆಯಲು ಸಾವಿರಾರು ಜನರನ್ನು ದಿನಗೂಲಿ ಲೆಕ್ಕದಲ್ಲಿ ತೆಗೆದುಕೊಂಡರು. ಅಡುಗೆ, ಕಸ ಗುಡಿಸುವುದು, ಊರಲ್ಲಿ ತಿಳಿವಳಿಕೆ ಹೇಳುವುದು ಇಂಥವು. ಜಾಹೀರಾತಿಲ್ಲ, ಸಂದರ್ಶನವಿಲ್ಲ. ಯಾರು ಬೇಕೋ ಅವರನ್ನು ತೆಗೆದುಕೊಳ್ಳಬಹುದಿತ್ತು. ಬಡ ಊರು, ಕೈತುಂಬ ಸಂಬಳ. ಕೆಲಸ ಬೇಕಾದರೆ ನನ್ನ ಜೊತೆ ಬಾ ಅನ್ನುವ ಮಾತು ಹೋಟೆಲು, ಆಸ್ಪತ್ರೆ ಅಂತ ಎಲ್ಲೆಂದರಲ್ಲಿ ನಡೆಯಿತು. 2020ರ ಸೆಪ್ಟೆಂಬರ್‌ನಲ್ಲಿ 51 ಹೆಂಗಸರ ಮಾತು ಪತ್ರಕರ್ತರ ಮೂಲಕ ಹೊರಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ ಸ್ವತಂತ್ರ ಆಯೋಗ 2021ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು. ಅದು 83 ಆರೋಪಿಗಳನ್ನು ಗುರುತಿಸಿತು. ಅವರಲ್ಲಿ 21 ಜನ ವಿಶ್ವ ಆರೋಗ್ಯ ಸಂಸ್ಥೆಗೇ ಕೆಲಸ ಮಾಡುತ್ತಿದ್ದವರು. ಸೋಂಕು ತಡೆಯಲು ಬಂದ ತಂಡಗಳಲ್ಲಿ ಇದನ್ನು ತಡೆಯುವ ಏರ್ಪಾಡು ಹೆಸರಿಗಷ್ಟೇ ಇತ್ತು.

ಆಮೇಲೆ ಆದದ್ದು ನನಗೆ ಇನ್ನೂ ನೋವು ಕೊಡುತ್ತದೆ. ಅಲ್ಲಿನ ಒಂದು ದೂರನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿಗಳು ನಿಭಾಯಿಸಿದ ರೀತಿ ನಿಯಮ ಮೀರಿದ್ದಲ್ಲ ಅಂತ ವಿಶ್ವಸಂಸ್ಥೆಯ ಒಳಗಿನ ತನಿಖೆ ಹೇಳಿದ್ದು 2023ರಲ್ಲಿ ಸುದ್ದಿಯಾಯಿತು. ಕಾರಣ? ಆ ಹೆಂಗಸು ನೆರವು ಪಡೆಯುತ್ತಿದ್ದವಳಲ್ಲ, ಹಾಗಾಗಿ ಅವಳು "ಫಲಾನುಭವಿ" ಅಲ್ಲವಂತೆ! ಅದೇ ವರ್ಷ ನೂರಕ್ಕೂ ಹೆಚ್ಚು ಸಂತ್ರಸ್ತೆಯರಿಗೆ ತಲಾ 250 ಡಾಲರ್ ಕೊಟ್ಟ ಸುದ್ದಿಯೂ ಬಂತು, ಅದೂ ತರಬೇತಿಗೆ ಬಂದರೆ ಕೊಡುತ್ತೇವೆ ಅನ್ನುವ ಷರತ್ತಿನ ಮೇಲೆ. ಸಹಿ ಹಾಕುವಾಗ ಫಲಾನುಭವಿ ಅಂದರೆ ಯಾರು ಅಂತ ನಿಮ್ಮ ಸಂಸ್ಥೆ ಹೇಗೆ ಬರೆದಿದೆ ನೋಡಿ. ಕಿಟ್ ಪಡೆದವರು ಮಾತ್ರ ಅಂತಿದ್ದರೆ ಅದು ಸಾಲದು. ಅಡುಗೆಗೆ ಬರುವವಳು, ಪಕ್ಕದ ಅಂಗಡಿಯವಳು, ಕೆಲಸ ಕೇಳಿಕೊಂಡು ಬಂದವಳು ಎಲ್ಲರೂ ಅದರೊಳಗೆ ಬರಬೇಕು.

ಇನ್ನು ಅನುಮಾನದ ಪ್ರಶ್ನೆ. ಹೈಟಿ ದೇಶದ 2010ರ ಭೂಕಂಪದ ನಂತರ ಆಕ್ಸ್‌ಫ್ಯಾಮ್ ಎಂಬ ಬ್ರಿಟನ್ನಿನ ಪರಿಹಾರ ಸಂಸ್ಥೆಯಲ್ಲಿ ಆದದ್ದು ನಿಮಗೆ ಗೊತ್ತಿರಬಹುದು. ಅಲ್ಲಿನ ಸಿಬ್ಬಂದಿ ದುಡ್ಡು ಕೊಟ್ಟು ಲೈಂಗಿಕ ಸಂಬಂಧ ಮಾಡಿದರು ಅನ್ನುವ ಆರೋಪದ ಬಗ್ಗೆ 2011ರಲ್ಲಿ ಒಳತನಿಖೆ ನಡೆಯಿತು. ನಾಲ್ವರನ್ನು ತೆಗೆದರು. ಮೂವರು ರಾಜೀನಾಮೆ ಕೊಟ್ಟರು. ರಾಜೀನಾಮೆ ಕೊಟ್ಟವರಲ್ಲಿ ಅಲ್ಲಿನ ಮುಖ್ಯಸ್ಥನೂ ಇದ್ದ. ಅವನನ್ನು ಮರ್ಯಾದೆಯಿಂದಲೇ ಹೊರಗೆ ಬಿಟ್ಟರು. 2012ರಲ್ಲಿ ಅವನು ಇನ್ನೊಂದು ಪರಿಹಾರ ಸಂಸ್ಥೆಯ ಮುಖ್ಯಸ್ಥನಾಗಿ ಬಾಂಗ್ಲಾದೇಶಕ್ಕೆ ಬಂದ. ಕೆಲಸಕ್ಕೆ ತೆಗೆದುಕೊಂಡವರು ಹಳೆಯ ಸಂಸ್ಥೆಯನ್ನು ವಿಚಾರಿಸಿದ್ದರು. ಹೈಟಿಯ ವಿಷಯ ಅವರಿಗೆ ಯಾರೂ ಹೇಳಲಿಲ್ಲ. 2018ರ ಫೆಬ್ರವರಿಯಲ್ಲಿ ಪತ್ರಿಕೆಯಲ್ಲಿ ಬಂದಮೇಲೆ ಹಿಂದಿನದ್ದೂ ಹೊರಬಿತ್ತು. 2004ರಲ್ಲಿ ಲೈಬೀರಿಯಾದಲ್ಲಿ ಬೇರೊಂದು ಸಂಸ್ಥೆಯಲ್ಲಿದ್ದಾಗಲೂ ಅವನ ಮೇಲೆ ಇಂಥದೇ ದೂರು ಬಂದು ಕೆಲಸ ಬಿಟ್ಟಿದ್ದ. ಸಂಸ್ಥೆ ಬದಲಾಯಿತು, ದೇಶ ಬದಲಾಯಿತು, ಅವನ ಹುದ್ದೆ ಮಾತ್ರ ಉಳಿಯಿತು. ಸುಮ್ನೆ ಗಾಳಿಮಾತು ಅಂತ ಬಿಟ್ಟವರು, ಸಂಸ್ಥೆಯ ಹೆಸರು ಉಳಿಯಲಿ ಅಂತ ಮುಚ್ಚಿಟ್ಟವರು, ಎಲ್ಲರಿಗೂ ಇದರಲ್ಲಿ ಪಾಲಿದೆ. ಇದರ ನಂತರವೇ, 2019ರಿಂದ, ಹೊಸಬರನ್ನು ತೆಗೆದುಕೊಳ್ಳುವಾಗ ಹಳೆಯ ಸಂಸ್ಥೆಗಳಿಂದ ಈ ವಿಷಯವನ್ನೇ ನೇರವಾಗಿ ಕೇಳಿ ಪಡೆಯುವ ಒಂದು ಒಪ್ಪಂದ ಜಾರಿಗೆ ಬಂತು. ಆ ಒಪ್ಪಂದಕ್ಕೆ ಸೇರಿದ ಸಂಸ್ಥೆಯಾದರೆ ಕೇಳಿದವರಿಗೆ ಉತ್ತರ ಕೊಡಲೇಬೇಕು.

ಪುರಾವೆ ತನ್ನಿ ಅಂತ ನಿಮಗೆ ಯಾರೂ ಹೇಳಿಲ್ಲ ಅನ್ನುವುದನ್ನು ಗಮನಿಸಿ. ಪುರಾವೆ ಹುಡುಕುವುದು ತರಬೇತಿ ಪಡೆದ ತನಿಖೆದಾರರ ಕೆಲಸ. ನಿಮ್ಮದು ಕಂಡದ್ದನ್ನು, ಕೇಳಿದ್ದನ್ನು ಸರಿಯಾದ ಒಬ್ಬರಿಗೆ ತಲುಪಿಸುವುದು ಅಷ್ಟೇ. ನೀವೇ ವಿಚಾರಣೆಗೆ ಇಳಿದರೆ ಆ ಹೆಣ್ಣುಮಗಳು ಇಡೀ ಶಿಬಿರಕ್ಕೆ ಗೊತ್ತಾಗುತ್ತಾಳೆ. ನಿಮ್ಮ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಹೆಸರು ಕೆಡುತ್ತದೆ, ಅದೂ ಇಬ್ಬರದ್ದೂ. ನಿಗದಿಯಾದ ಒಬ್ಬರಿಗೆ ಗುಟ್ಟಾಗಿ ತಿಳಿಸಿದರೆ, ಆರೋಪ ಸುಳ್ಳಾಗಿದ್ದರೂ ಅಲ್ಲೇ ಮುಗಿಯುತ್ತದೆ. ಪಶ್ಚಿಮ ಆಫ್ರಿಕಾದ ಪ್ರಕರಣದಲ್ಲೂ ವಿಶ್ವಸಂಸ್ಥೆಯ ತನಿಖೆದಾರರು ಆಮೇಲೆ ಹೋದಾಗ ಖಚಿತವಾದದ್ದು ಕೆಲವೇ ಆರೋಪಗಳು. ಜನ ಶಿಬಿರ ಬಿಟ್ಟು ಹೋಗುತ್ತಾರೆ, ಹೆದರುತ್ತಾರೆ, ಹೇಳಿದರೆ ರೇಷನ್ ನಿಂತೀತು ಅಂತ ಸುಮ್ಮನಾಗುತ್ತಾರೆ. ಬೇಗ ಬಂದ ಸಣ್ಣ ಸುಳಿವಿಗೆ ಬೆಲೆ ಇರುವುದು ಅದಕ್ಕೇ.

ನಾನಿದ್ದ ಒಂದು ಕೇಂದ್ರದಲ್ಲಿ, ಬೇರೆ ಸಂಸ್ಥೆಯ ಒಬ್ಬ ಹುಡುಗ "ನಿಮ್ಮ ಹೆಸರು ಲಿಸ್ಟಲ್ಲಿ ಇಲ್ಲ, ಬಂದು ಮಾತಾಡಿ" ಅಂತ ಒಬ್ಬ ಹೆಂಗಸಿಗೆ ರಾತ್ರಿ ಹೊತ್ತು ಫೋನು ಮಾಡುತ್ತಿದ್ದ. ಅವಳು ಅದನ್ನು ದೂರಿನ ಪೆಟ್ಟಿಗೆಗೆ ಬರೆದು ಹಾಕಲಿಲ್ಲ. ಪೆಟ್ಟಿಗೆ ಇದ್ದದ್ದು ಅವನ ಮೇಜಿನ ಪಕ್ಕದಲ್ಲೇ. ಅವಳು ಹೇಳಿದ್ದು ಆಶಾ ಕಾರ್ಯಕರ್ತೆಗೆ. "ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ" ಅಂತ ಶುರು ಮಾಡಿದ್ದಳಂತೆ. ಆಕೆ ನಮಗೆ ಹೇಳಲು ಅವಳ ಒಪ್ಪಿಗೆ ಪಡೆದೇ ಬಂದರು. ಅವನ ಸಂಸ್ಥೆಗೆ ತಿಳಿಸಿದೆವು. ಅವನನ್ನು ಆ ಊರಿನಿಂದ ಬೇರೆ ಊರಿಗೆ ಕಳಿಸಿದರು ಅಷ್ಟೇ. ಅಲ್ಲಿನ ಹೆಂಗಸರ ಗತಿ ಏನು ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನನಗೆ ಈಗಲೂ ಅದರ ಸಿಟ್ಟಿದೆ.

ತಡೆಯುವ ಕೆಲಸ ಪೋಸ್ಟರ್‌ಗಿಂತ ಜಾಸ್ತಿ ಹಂಚಿಕೆಯ ಏರ್ಪಾಡಿನಲ್ಲಿದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹೆಸರು ಬರೆಯುವವರು ಒಬ್ಬರು, ಪಟ್ಟಿ ಪರಿಶೀಲಿಸುವವರು ಇನ್ನೊಬ್ಬರು, ಸಾಮಾನು ಕೊಡುವವರು ಮತ್ತೊಬ್ಬರು ಇರಲಿ. ಒಬ್ಬನ ಕೈಯಲ್ಲೇ ಮೂರೂ ಇದ್ದರೆ ಅವನು ಆ ಶಿಬಿರದ ಧಣಿ ಆಗಿಬಿಡುತ್ತಾನೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೋಹಿಂಗ್ಯಾ ಶಿಬಿರಗಳಲ್ಲಿ 2017ರ ನಂತರ ಮಾಝಿ ಅನ್ನುವ ಬ್ಲಾಕ್ ಮುಖಂಡರ ಮೂಲಕ ಹಂಚಿಕೆ ನಡೆಯಿತು. ಬಹುತೇಕ ಎಲ್ಲರೂ ಗಂಡಸರೇ. ಅವರು ತಮ್ಮ ಅಧಿಕಾರವನ್ನು ದುರ್ಬಳಕೆ ಮಾಡುತ್ತಾರೆ ಅಂತ ದೂರುಗಳೂ ಬಂದವು. ಗಂಡನಿಲ್ಲದ ಹೆಂಗಸಿಗೆ ಅಂಥ ಏರ್ಪಾಡಿನಲ್ಲಿ ಮಾಝಿಯ ದಾಕ್ಷಿಣ್ಯವೇ ಗತಿ.

ಯಾರಿಗೆ ಏನು, ಎಷ್ಟು ಅಂತ ಚಿತ್ರ ಸಮೇತ ಬೋರ್ಡು ಹಾಕಿ. ಅಕ್ಕಿ ಇಷ್ಟು ಕೆಜಿ, ಎಣ್ಣೆ ಇಷ್ಟು ಲೀಟರ್, ಎಲ್ಲ ಪುಕ್ಕಟೆ, ಇದಕ್ಕೆ ಯಾರಿಗೂ ಏನೂ ಕೊಡಬೇಕಿಲ್ಲ ಅಂತ ಮೈಕಿನಲ್ಲಿ ಕೂಗಿ ಹೇಳಿಸಿ. ತನ್ನ ಪಾಲೆಷ್ಟು ಅಂತ ಗೊತ್ತಿರುವವಳಿಗೆ ಮೋಸ ಮಾಡುವುದು ಕಷ್ಟ. ಹಂಚಿಕೆ ಹಗಲಲ್ಲೇ ಆಗಲಿ. ತಂಡದಲ್ಲಿ ಹೆಂಗಸರಿರಲಿ, ನಿರ್ಧಾರ ಮಾಡುವ ಜಾಗದಲ್ಲೂ ಇರಲಿ. ಒಬ್ಬರೇ ಮನೆಮನೆಗೆ ಹೋಗುವುದು ಬೇಡ. ಫೋನ್ ನಂಬರು ಎಲ್ಲರ ಮೊಬೈಲಿನಲ್ಲೂ ಓಡಾಡುವುದು ಬೇಡ. ಶೌಚಾಲಯಕ್ಕೆ ಒಳಗಿನಿಂದ ಚಿಲಕ, ದಾರಿಗೆ ದೀಪ ಇರಲೇಬೇಕು. ದಿನಗೂಲಿ ಕೆಲಸ ಇದ್ದರೆ ಬಹಿರಂಗವಾಗಿ ಹೇಳಿ, ಇಬ್ಬರು ಮೂವರು ಕೂತು ಆರಿಸಿ. ಕಾಂಗೋದಲ್ಲಿ ಇಲ್ಲದಿದ್ದದ್ದು ಇದೇ. ದೂರು ಎಲ್ಲಿ ಹೇಳಿದರೆ ನಿಮಗೆ ಧೈರ್ಯ ಅಂತ ಹೆಂಗಸರನ್ನೇ ಕೇಳಿ. ಅವರು ಹೇಳುವ ಜಾಗ ನಿಮ್ಮ ಕಚೇರಿ ಆಗಿರುವುದಿಲ್ಲ.

ಯಾರಾದರೂ ನಿಮ್ಮ ಹತ್ತಿರ ಬಂದು ಹೇಳಿಕೊಂಡರೆ, ಕೇಳಿಸಿಕೊಳ್ಳಿ. ಯಾಕೆ ಹೋದೆ, ಏನು ಹಾಕಿಕೊಂಡಿದ್ದೆ ಅಂತ ಕೇಳಬೇಡಿ. ಅತ್ಯಾಚಾರ ಆಗಿದ್ದರೆ ಆಸ್ಪತ್ರೆಗೆ ಬೇಗ ಹೋಗುವುದು ಮುಖ್ಯ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಗರ್ಭ ತಡೆಯುವ ತುರ್ತು ಮಾತ್ರೆಗೆ 120 ಗಂಟೆಯವರೆಗೆ ಸಮಯವಿದೆ, ಬೇಗ ಆದಷ್ಟೂ ಒಳ್ಳೆಯದು. ನಮ್ಮ ಕಾನೂನಿನಲ್ಲಿ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು.

ಕಾನೂನಿನ ಮಾತು ಬಂದದ್ದಕ್ಕೆ ಇನ್ನೆರಡು ವಿಷಯ. ಸಂತ್ರಸ್ತರಿಗೆ 18 ತುಂಬಿಲ್ಲ ಅಂದರೆ ಸಂಸ್ಥೆಯೊಳಗೆ ತಿಳಿಸಿ ಕೂರುವಂತಿಲ್ಲ. ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು, ತಿಳಿಸದಿದ್ದರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ದೂರು ಕೊಡುವವಳು ಅಲ್ಲಿನ ನೌಕರಳೇ ಆಗಿರಬೇಕಿಲ್ಲ. ಕೆಲಸ ಕೊಡಿಸುತ್ತೇನೆ ಅಂತ ಸುಳ್ಳು ಹೇಳಿ ಲೈಂಗಿಕ ಸಂಬಂಧ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂನಲ್ಲಿ 10 ವರ್ಷದವರೆಗೆ ಜೈಲು ಶಿಕ್ಷೆಯಾಗುವ ಅಪರಾಧ.

ಸೇರುವ ದಿನ ಎಚ್‌ಆರ್‌ನವರನ್ನು ಹೀಗೆ ಕೇಳಿ: ನನಗೆ ಅನುಮಾನ ಬಂದರೆ ಯಾರ ನಂಬರಿಗೆ ಫೋನು ಮಾಡಬೇಕು? ಅನುಮಾನ ನನ್ನ ಮ್ಯಾನೇಜರ್ ಮೇಲೇ ಬಂದರೆ ಯಾರಿಗೆ ಹೇಳಬೇಕು? ದೂರು ಕೊಟ್ಟವರಿಗೆ ಕಿರುಕುಳ ಆದರೆ ಏನು ಮಾಡುತ್ತೀರಿ? ಹೆಸರು, ನಂಬರು ಸಮೇತ ಉತ್ತರ ಕೊಟ್ಟರೆ ಬರೆದಿಟ್ಟುಕೊಳ್ಳಿ. "ಅದೆಲ್ಲ ನಮ್ಮಲ್ಲಿ ಆಗಲ್ಲ ಬಿಡಿ" ಅಂದರೆ, ಈ ಪ್ರಶ್ನೆಗಳನ್ನೇ ಇಮೇಲ್ ಮಾಡಿ ಬರಹದಲ್ಲಿ ಉತ್ತರ ಕೇಳಿ. ಉತ್ತರ ಬಂದಮೇಲೆ ಸಹಿ ಹಾಕಿ.